ಕೊಮೊರಿಯ ತಲೆಗೊಂದು ಪೆಟ್ಟು

ಕೊಮೊರಿಯ ಬಾಯಿಗೆ ‘ಆಗಲ್ಲ’ ಎನ್ನುವ ಮಾತು ಹುಟ್ಟಿದಂದಿನಿಂದ ಬಂದಿರಲಿಲ್ಲ. ಗುರುವಾರ ಬೆಳಿಗ್ಗೆ ಮೀನುಗಾರರ ಸಂಘದ ಕಚೇರಿಯಲ್ಲಿ ಸಾಹೇಬ ಇವಾಕುಮ ಅವನ ಬೆನ್ನಿಗೊಂದು ಗುದ್ದಿ, “ಶನಿವಾರ ಪುರಭವನದಲ್ಲಿ ಜೂಡೋ ಪ್ರದರ್ಶನ ಕಣಯ್ಯಾ. ನಾನು ಎತ್ತಿ ಒಗೀತೀನಿ, ನೀನು ಬೀಳು” ಎಂದಾಗಲೂ, “ಆಗಲಿ ಸಾರ್” ಎಂದು ಕೋಲೆ ಬಸವನಂತೆ ತಲೆಯಾಡಿಸಿದ.

ಆಡಿಸಿಯಾದ ಮೇಲೆ ನೆನಪಾಯಿತು. ಶನಿವಾರ ಹೆಂಡತಿ ತೊಮೊಯೆಯನ್ನು ಬೆಟ್ಟದ ಮೇಲಿನ ಬಿಸಿನೀರಿನ ಬುಗ್ಗೆಗೆ ಕರೆದುಕೊಂಡು ಹೋಗುವುದೆಂದು ಮಾತಾಗಿತ್ತು. ಇದೇ ಜೂಡೋ ದೆಸೆಯಿಂದ ಆ ಪ್ರವಾಸ ಎರಡು ಸಲ ಮುರಿದುಬಿದ್ದಿತ್ತು. “ಈ ಸಲಾನೂ ಕೈ ಕೊಟ್ರೆ ನಾನು ತವರಿಗೆ ಹೊರಟೆ ಅಂತಲೇ ಲೆಕ್ಕ” ಎಂದು ತೊಮೊಯೆ ಹೇಳಿದ್ದಳು. ಅವಳು ಹೇಳಿದ್ದನ್ನು ಮಾಡುವ ಪೈಕಿ.

ಇವಾಕುಮ ಹಗಲು ಸಾಹೇಬ, ಸಂಜೆ ಬಂದರಿನ ಪಕ್ಕದ ಜೂಡೋ ಗರಡಿಯ ಗುರು. ಅವನಿಗೆ ಎತ್ತಿ ಒಗೆಯಲು ಒಂದು ದೇಹ ಬೇಕು. ಕೊಮೊರಿಗೆ ನೌಕರಿ ಬೇಕು. ಹೀಗೆ ವರ್ಷಗಟ್ಟಲೆ ನಡೆದುಕೊಂಡು ಬಂದಿತ್ತು.

ಆ ಸಂಜೆ ಗರಡಿಗೆ ಜಿಲ್ಲಾ ಒಕ್ಕೂಟದಿಂದ ಕಸುಗಾ ಮೇಡಂ ಬಂದಿದ್ದರು. ಕಡ್ಡಿಯಂಥ ಹೆಂಗಸು, ಆದರೆ ಇವಾಕುಮನೇ ಅವರೆದುರು ಮಂಡಿಯೂರಿ ಕೂತಿದ್ದ.

“ಯಾರ ತಲೆಗೆ ಪೆಟ್ಟು ಬಿತ್ತೋ, ಅವರಿಗೆ ಅಲ್ಲಿಗೆ ಆಟ ಮುಗೀತು” ಎಂದರು ಮೇಡಂ. “ಪ್ರದರ್ಶನ ಇರಲಿ, ಪಂದ್ಯ ಇರಲಿ, ಗುರುಗಳೇ ಕಾಲಿಗೆ ಬೀಳಲಿ, ಚಾಪೆ ಹತ್ತೋ ಹಾಗಿಲ್ಲ. ಇನ್ನೊಂದು ಮಾತು. ಬೀಳೋನು ಮೈ ಕೊಡೋದ್ರಿಂದ ಒಗೆಯೋನು ಕಲೀತಾನೆ. ಅವನಿಗೆ ಮನಸಾರೆ ತಲೆಬಾಗ್ಬೇಕು. ಬರೀ ಗದ್ದ ಅಲ್ಲಾಡಿಸಿದ್ರೆ ಆಗಲ್ಲ!”

ಇವಾಕುಮನ ಕಿವಿ ಕೆಂಪಾಯಿತು. ಕೊಮೊರಿಗೆ ಎರಡನೆಯ ಮಾತು ಕೇಳಿಸಲೇ ಇಲ್ಲ. ಮೊದಲನೆಯದೇ ಅವನಿಗೆ ವೇದವಾಕ್ಯವಾಗಿತ್ತು. ಒಂದು ಪೆಟ್ಟು! ದೇವರೇ, ಸಣ್ಣದೊಂದು ಪೆಟ್ಟು ಸಾಕು!

ಇವಾಕುಮ ಅವನನ್ನು ಸೊಂಟದ ಮೇಲೆ ಹೇರಿ ಒಗೆದ. ಕೊಮೊರಿ ತಲೆ ಸಡಿಲ ಬಿಡಬೇಕೆಂದು ಹಲ್ಲು ಕಚ್ಚಿದ್ದ. ಆದರೆ ವರ್ಷಗಟ್ಟಲೆ ಬಿದ್ದೂ ಬಿದ್ದೂ ಪಳಗಿದ ಮೈ ಯಜಮಾನನ ಮಾತು ಕೇಳಬೇಕಲ್ಲ! ಗದ್ದ ತಾನಾಗಿ ಎದೆಗೆ ಅಂಟಿತು, ಕೈ ತಾನಾಗಿ ಚಾಪೆಗೆ ಪಟ್ಟೆಂದು ಬಡಿಯಿತು, ತಲೆ ಮಹಾರಾಜನಂತೆ ಮೇಲೇ ಉಳಿಯಿತು.

ಕೊಮೊರಿ ಸಹೋದ್ಯೋಗಿ ನಾಗಾಯ್ ಹತ್ತಿರ ಹೋದ. ನಾಗಾಯ್ ಒಗೆದರೆ ಯಾರು ಎಲ್ಲಿ ಬೀಳುತ್ತಾರೆಂದು ನಾಗಾಯ್‌ಗೇ ಗೊತ್ತಿರುತ್ತಿರಲಿಲ್ಲ.

“ಜೋರಾಗಿ ಒಗಿಯೋ.”

“ಯಾಕೋ, ಮನೇಲಿ ಜಗಳಾನಾ?”

“ಬಾಯಿ ಮುಚ್ಕೊಂಡು ಒಗಿ ಮಾರಾಯ!”

ನಾಗಾಯ್ ಒಗೆದ, ತಾನೂ ಮೇಲೆ ಬಿದ್ದ. ಕೊಮೊರಿಯ ಗದ್ದ ಎದೆಯಲ್ಲೇ ಇತ್ತು. ನಾಗಾಯ್ ಮುಖ ಹತ್ತಿರ ತಂದು, “ತಲೆ ಒಡ್ಕೊಂಡು ಬೀಳೋಕೆ ನೋಡ್ತಿದೀಯಲ್ಲೋ, ಅದೇನು ಬಾಡಿಗೆ ತಲೇನಾ?” ಎಂದು ಇಡೀ ಗರಡಿಗೆ ಕೇಳುವಂತೆ ಪಿಸುಗುಟ್ಟಿದ.

ಇನ್ನು ನಾಟಕವೇ ಗತಿ. ಮುಂದಿನ ಸಲ ಬಿದ್ದವನೇ ಕೊಮೊರಿ ತಲೆ ಹಿಡಿದುಕೊಂಡು ಹೊರಳಾಡಿದ. “ಅಯ್ಯಯ್ಯೋ, ತಲೆ ಹೋಯ್ತು!”

ಕಸುಗಾ ಮೇಡಂ ಓಡಿ ಬಂದರು. “ಏಳಿ ಕೊಮೊರಿಯವರೇ. ನಾನು ಇಲ್ಲೇ ನೋಡ್ತಾ ಇದ್ದೆ. ಚಾಪೆಗೂ ನಿಮ್ಮ ತಲೆಗೂ ಮಧ್ಯೆ ಬೆಕ್ಕು ನುಸುಳಿ ಹೋಗ್ಬಹುದಿತ್ತು! ಎಲ್ರೂ ನೋಡಿ, ಬೀಳೋದು ಅಂದ್ರೆ ಹೀಗೆ. ಶನಿವಾರ ಇವರು ಇರಲೇಬೇಕು!”

ಚಪ್ಪಾಳೆಯೋ ಚಪ್ಪಾಳೆ. ಕೊಮೊರಿಗೆ ಅಳು ಬಂತು. ಪಾಪ, ಹೊಗಳಿಕೆಗೆ ಕಣ್ಣು ತುಂಬಿತೆಂದು ಎಲ್ಲರೂ ಇನ್ನಷ್ಟು ತಟ್ಟಿದರು.

ಕೊನೆಗೆ ವಾಡಿಕೆಯಂತೆ ಜೋಡಿ ಜೋಡಿಯಾಗಿ ಮಂಡಿಯೂರಿ ಕೂತು ತಲೆಬಾಗುವ ಹೊತ್ತು. ಇವಾಕುಮ ಯಾವಾಗಲೂ ಗದ್ದವನ್ನಷ್ಟೇ ಒಂದಿಷ್ಟು ಇಳಿಸುವವನು. ಆ ಅಂದಾಜಿನ ಮೇಲೆ ಕೊಮೊರಿ ಅವನ ಮಂಡಿಯ ಹತ್ತಿರವೇ ಕೂತು ಬಾಗುತ್ತಿದ್ದ. ಇವತ್ತು ಮೇಡಂ ದಿಟ್ಟಿಸಿ ನೋಡುತ್ತಿದ್ದರು. ಇವಾಕುಮ ಗಂಟಲು ಸರಿಮಾಡಿಕೊಂಡು, “ಕೊಮೊರಿ, ನಿನ್ನ ಉಪಕಾರ ದೊಡ್ಡದಪ್ಪಾ” ಎಂದವನೇ ಜೀವಮಾನದಲ್ಲೇ ಮೊದಲ ಸಲ ಮನಸಾರೆ, ರಭಸದಿಂದ ಬಾಗಿದ.

ಕೊಮೊರಿಯೂ ಬಾಗಿದ.

ಟಣ್ಣ್!

ಇಬ್ಬರೂ ಎರಡು ಕಡೆ ಉರುಳಿದರು. ಬಾಗುವಾಗ ತಲೆ ಉಳಿಸಿಕೊಳ್ಳುವ ಪಟ್ಟನ್ನು ಯಾರೂ ಕಲಿಸಿರಲಿಲ್ಲ. ಇಬ್ಬರ ಹಣೆಯ ಮೇಲೂ ಬೋರೆಹಣ್ಣಿನಂಥ ಬುಗುಟೆ ಎದ್ದಿತು. ಮೇಡಂ ಕೊಮೊರಿಯತ್ತ ಬಗ್ಗಿ, “ಇವತ್ತು ಯಾವ ವಾರ ಹೇಳಿ?” ಎಂದರು.

“ಶನಿವಾರ!” ಎಂದ ಕೊಮೊರಿ. ತಲೆಯಲ್ಲಿದ್ದದ್ದು ಅದೊಂದೇ.

“ಮುಗೀತು. ಇಬ್ಬರಿಗೂ ಪ್ರದರ್ಶನ ಇಲ್ಲ.”

ಬುಗುಟೆ ಸಿಡಿಯುತ್ತಿತ್ತು, ಕಣ್ಣಿಗೆ ದೀಪಗಳು ಎರಡೆರಡಾಗಿ ಕಾಣುತ್ತಿದ್ದವು. ಕೊಮೊರಿಗೆ ಇಷ್ಟು ಸುಖ ಎಂದೂ ಆಗಿರಲಿಲ್ಲ. ಮೇಡಂ ಫೋನು ಮಾಡಿ ಕರೆಸಿದ ತೊಮೊಯೆ ಗಾಬರಿಯಿಂದ ಬಂದಾಗ, ಚಾಪೆಯ ಮೇಲೆ ಮಲಗಿದ್ದಲ್ಲಿಂದಲೇ, “ಶನಿವಾರ ಹೋಗೋಣ ಕಣೇ, ಖಂಡಿತ ಹೋಗೋಣ” ಎಂದು ನಕ್ಕ.

“ಎಲ್ಲಿಗೆ?” ಎಂದರು ಮೇಡಂ.

“ಬಿಸಿನೀರಿನ ಬುಗ್ಗೆಗೆ.”

“ಏನಂದ್ರಿ? ತಲೆಗೆ ಪೆಟ್ಟು ಬಿದ್ದೋರು ಬಿಸಿನೀರಲ್ಲಿ ಮುಳುಗೋದಾ? ಒಂದು ವಾರದ ತನಕ ಬುಗ್ಗೆಯ ಹೆಸರೂ ಎತ್ತಬೇಡಿ. ಕುಡಿಯೋ ಹಾಗಿಲ್ಲ, ಟೀವಿ ಇಲ್ಲ. ಒಂಟಿಯಾಗಂತೂ ಬಿಡಲೇಬಾರದು.”

ಅಷ್ಟರಲ್ಲಿ ಇವಾಕುಮನ ಹೆಂಡತಿಯೂ ಬಂದಿದ್ದಳು. ಹೆಂಗಸರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಬುಗ್ಗೆ ಹತ್ರ ಕೋಣೆ ಇಬ್ಬರಿಗೆ ಅಂತ ಕಾಯ್ದಿರಿಸಿದ್ದು, ಅಲ್ವಾ ತೊಮೊಯೆ?”

“ಹೌದಕ್ಕಾ. ನೀವು ಬರ್ತೀರಾ?”

“ಬರ್ದೇ ಇರ್ತೀನಾ! ಇವರಿಬ್ಬರನ್ನೂ ನಿಮ್ಮನೇಲೇ ಬಿಟ್ಟು ಹೋಗೋಣ. ಒಬ್ಬರನ್ನೊಬ್ಬರು ನೋಡ್ಕೊಳ್ಳಲಿ.”

ಪಕ್ಕದ ಚಾಪೆಯಿಂದ ಇವಾಕುಮನ ಕೈ ಬಂದು ಕೊಮೊರಿಯ ಭುಜ ತಟ್ಟಿತು. “ಹೆದರಬೇಡ ಕಣಯ್ಯಾ, ಶನಿವಾರ ಬೆಳಕು ಹರಿಯೋ ಮುಂಚೆ ಬಂದ್ಬಿಡ್ತೀನಿ. ಟೀವಿ ಇಲ್ಲದಿದ್ರೆ ಏನಂತೆ? ನಾನು ಗೆದ್ದ ಪಂದ್ಯಗಳನ್ನೆಲ್ಲ ಒಂದೊಂದಾಗಿ ಬಾಯಲ್ಲೇ ಹೇಳ್ತೀನಿ. ಪ್ರೈಮರಿ ಸ್ಕೂಲಿಂದ ಶುರು ಮಾಡೋಣ, ಆಗಬಹುದಾ?”

“ಆಗಲಿ ಸಾರ್” ಎಂದ ಕೊಮೊರಿ.