ಹನ್ನೊಂದನೇ ಕಂತಿನ ಪಿಂಡ

ಹೆಸರು ಹೇಳದೆ ಪಿಂಡ ಇಡಲು ನರಸಿಂಹಾಚಾರ್ಯರ ನಾಲಗೆಗೆ ಬರುತ್ತಿರಲಿಲ್ಲ. ಆಮೇಲೆ ಆದದ್ದಕ್ಕೆಲ್ಲ ಮೂಲ ಇಷ್ಟೇ.

ಕಾಶಿಯಲ್ಲಿ ಅವರದು ಮೂರು ತಲೆಮಾರಿನ ಪೌರೋಹಿತ್ಯ. ಅಸ್ಸಿ ಘಾಟಿನ ಹತ್ತಿರದ ಒಂದು ಗಲ್ಲಿಯಲ್ಲಿ ಅಜ್ಜ ಕಟ್ಟಿಸಿದ ಮೂರಂತಸ್ತಿನ ಮನೆ. ಮೇಲಿನ ಕಿಟಕಿ ತೆರೆದರೆ ಗಂಗೆ ಕಾಣುತ್ತಾಳೆ. ಕಾಣುವುದೇ ತಪ್ಪಾಗಿತ್ತು. ಲೋಟನ್ ಸಿಂಹ, ಅಂದರೆ ಊರೆಲ್ಲ ಹೆದರಿ ‘ಲೋಟನ್ ಭೈಯಾ’ ಎನ್ನುವ ಗೂಂಡಾ, ಆ ಗಲ್ಲಿಯ ಮನೆಗಳನ್ನು ಒಂದೊಂದಾಗಿ ನುಂಗಿ ದೊಡ್ಡ ಹೋಟೆಲು ಎಬ್ಬಿಸಲು ಹೊರಟಿದ್ದ. ಏಳು ಬಾಗಿಲಿಗೆ ಅವನ ಬೀಗ ಬಿದ್ದಿತ್ತು. ಯಾತ್ರಿಕರಿಗೆ ಛತ್ರ ನಡೆಸುತ್ತಿದ್ದ ಎದುರುಮನೆಯ ಅಮರಯ್ಯನವರು ಮಾತ್ರ, “ಸತ್ತರೂ ಕೊಡಲ್ಲ” ಎಂದಿದ್ದರು. ಲೋಟನ್ ಭೈಯಾ ಅರ್ಧ ಮಾತನ್ನಷ್ಟೇ ಕೇಳಿಸಿಕೊಂಡ. ನಲವತ್ತು ವರ್ಷ ಹತ್ತಿಳಿದ ಘಾಟಿನ ಮೆಟ್ಟಿಲಲ್ಲಿ ಅಮರಯ್ಯನವರು ಒಂದು ಬೆಳಗ್ಗೆ ‘ಜಾರಿ’ ಬಿದ್ದರು. ಹದಿನೈದು ದಿನ ಕಳೆಯುವುದರೊಳಗೆ ಎಂಟನೆಯ ಬೀಗವೂ ಬಿತ್ತು. ಉಳಿದದ್ದು ಆಚಾರ್ಯರ ಮನೆಯೊಂದೇ.

ಹೀಗಿರುವಾಗ ಟೀವಿಯವರು ಬಂದರು. ‘ವಜ್ರಪಂಜಾ’ ಎಂಬ ಹಿಂದಿ ಧಾರಾವಾಹಿ. ಅದರ ಹನ್ನೊಂದನೇ ಕಂತಿನಲ್ಲಿ ವಜ್ರಪಂಜಾ ಎಂಬ ಕೆಂಪು ಚಡ್ಡಿಯ ಮಹಾವೀರ ಬಡ ಮೊಹಲ್ಲಾ ಒಂದನ್ನು ಗೂಂಡಾಗಳ ದೊರೆಯಿಂದ ಕಾಪಾಡಬೇಕು. ಬೀಗ ಬಿದ್ದು ಬಿಕೋ ಎನ್ನುವ ಗಲ್ಲಿ ಅವರಿಗೆ ಕಟ್ಟಿಟ್ಟ ಸೆಟ್ಟಿನಂತೆ ಸಿಕ್ಕಿತು. ಕೊನೆಯಲ್ಲಿ ಸತ್ತ ದೊರೆಗೆ ಘಾಟಿನಲ್ಲಿ ಪಿಂಡ ಇಡುವ ದೃಶ್ಯ. ಅದಕ್ಕೆ ಅಸಲಿ ಪಂಡಿತರೇ ಬೇಕೆಂದು ಆಚಾರ್ಯರನ್ನು ಕೂರಿಸಿದರು.

ಮೊದಲು ಥರ್ಮಾಕೋಲಿನ ಉಂಡೆ ತಂದಿಟ್ಟರು. “ಇದನ್ನ ಪ್ರೇತ ಹಾಗಿರಲಿ, ಇಲೀನೂ ಮೂಸಲ್ಲ” ಎಂದು ಆಚಾರ್ಯರು ಸಿಡಿಮಿಡಿಗೊಂಡು, ಅನ್ನ ಬೇಯಿಸಿ, ಎಳ್ಳು ಕಲಸಿ, ದರ್ಭೆ ಹಾಸಿ ಕೂತರು. “ಬಾಯಿ ಆಡಿಸಿ ಸಾಕು ಪಂಡಿತ್‌ಜೀ, ಮೇಲೆ ಸಂಗೀತ ಹಾಕ್ತೀವಿ” ಎಂದ ನಿರ್ದೇಶಕ. ಸರಿ, ಆಡಿಸಿದರು. ಆದರೆ ಹೆಸರು ಬರುವ ಜಾಗಕ್ಕೆ ಬಂದದ್ದೇ ನಾಲಗೆ ಸಿಗ್ನಲ್ ಸಿಗದ ರೈಲಿನಂತೆ ನಿಂತುಬಿಟ್ಟಿತು. ಕತೆಯ ಗೂಂಡಾನಿಗೆ ಅಪ್ಪನಿಲ್ಲ, ಗೋತ್ರವಿಲ್ಲ. ಗೋತ್ರ ಗೊತ್ತಿಲ್ಲದವರಿಗೆ ಕಾಶ್ಯಪ ಎನ್ನುವುದು ರೂಢಿ, ಅದಾಯಿತು. ಹೆಸರು? ಅಂದು ಬೆಳಗ್ಗೆಯಷ್ಟೇ ಲೋಟನ್‌ನ ಆಳುಗಳು ಛಾಪಾಕಾಗದ ಹಿಡಿದು ಬಂದು ಅರ್ಧ ಗಂಟೆ ಬೆದರಿಸಿ ಹೋಗಿದ್ದರು. ಬಾಯಿಗೆ ಬಂದದ್ದು ಆ ಹೆಸರೇ.

“ಕಾಶ್ಯಪಗೋತ್ರ ಲೋಟನಸಿಂಹ ಪ್ರೇತ, ಏಷ ತೇ ಪಿಂಡಃ...”

ಹೇಳಿ ಮುಗಿಯುವುದೇ ತಡ, ಯಾರೂ ಕರೆಯದ ಕಾಗೆಯೊಂದು ಇಳಿದುಬಂದು ಪಿಂಡ ಕಚ್ಚಿಕೊಂಡು ಹೋಯಿತು. “ವಾಹ್!” ಎಂದು ನಿರ್ದೇಶಕ ಕುಣಿದ. ಸಂಗೀತ ಹಾಕುತ್ತಾರಲ್ಲ ಎಂದು ಆಚಾರ್ಯರು ಕೈ ತೊಳೆದುಕೊಂಡು ಮನೆಗೆ ಬಂದರು.

ಸಂಗೀತ ಹಾಕಿರಲಿಲ್ಲ.

ಅದು ಗೊತ್ತಾದದ್ದು ಮೇ ತಿಂಗಳ ಒಂದು ಭಾನುವಾರ, ಬೆಳಗ್ಗೆ ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ, ಮಂಜಪ್ಪನವರ ಟೀವಿಯ ಮುಂದೆ. ಮಂಜಪ್ಪ ಆಚಾರ್ಯರ ಮೇಲಂತಸ್ತಿನ ಬಾಡಿಗೆದಾರರು. ದಾವಣಗೆರೆಯಿಂದ ವರ್ಗವಾಗಿ ಬಂದ ಬ್ಯಾಂಕಿನವರು. ಬ್ಯಾಂಕಿನ ಕೆಲಸವೊಂದನ್ನು ಬಿಟ್ಟು ಮಿಕ್ಕವರ ಕೆಲಸವೆಲ್ಲ ಅವರಿಗೆ ಗೊತ್ತು. ಅಕ್ಕಪಕ್ಕದ ಗಲ್ಲಿಗಳಿಂದ ಅರ್ಧ ಮೊಹಲ್ಲಾ ಅಲ್ಲಿ ಸೇರಿತ್ತು. ಆಚಾರ್ಯರ ಹೆಂಡತಿ ಕಾತ್ಯಾಯನಿ ಅವಲಕ್ಕಿ ಹಂಚಿದರು. ಎಂಬತ್ತು ದಾಟಿದ ಸೋದರತ್ತೆ ಸರಸ್ವತಮ್ಮ ಟೀವಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತಿದ್ದರು. ವಜ್ರಪಂಜಾ ಗೂಂಡಾ ದೊರೆಯನ್ನು ಒಂದೇ ಕೈಯಲ್ಲಿ ಎತ್ತಿ ಗಂಗೆಗೆ ಎಸೆದಾಗ ಎಲ್ಲರೂ ಚಪ್ಪಾಳೆ ಹೊಡೆದರು. ಆಮೇಲೆ ಆಚಾರ್ಯರ ಮುಖ ಬಂತು, ಪರದೆ ತುಂಬ. ಮಂತ್ರ ಬಂತು, ಗಂಟೆ ಹೊಡೆದಷ್ಟು ಸ್ಪಷ್ಟವಾಗಿ. ಹೆಸರೂ ಬಂತು. ಕಾಗೆಯೂ ಬಂತು.

ಅವಲಕ್ಕಿ ತಟ್ಟೆಗಳು ಒಂದೊಂದಾಗಿ ಕೆಳಗಿಳಿದವು. ಚಪ್ಪಲಿ ಹುಡುಕಿಕೊಂಡವರು ಕೆಲವರು, ಸಿಕ್ಕಿದ್ದನ್ನು ಮೆಟ್ಟಿಕೊಂಡು ಹೋದವರು ಹೆಚ್ಚು.

“ಲೋ ನರಸಿಂಹಾ,” ಸರಸ್ವತಮ್ಮ ಟೀವಿಯಿಂದ ಕಣ್ಣು ತೆಗೆಯದೆ ಕೇಳಿದರು, “ಅವ್ನು ಸತ್ತಿದ್ದು ಯಾವಾಗ್ಲೋ? ನಂಗ್ಯಾರೂ ಹೇಳ್ಲೇ ಇಲ್ವಲ್ಲೋ!”

“ಸತ್ತಿಲ್ಲ ಅತ್ತೆ.”

“ಹಂಗಾದ್ರೆ ಈಗ ಸಾಯೋದು ನೀನು.” ಅತ್ತೆಗೆ ಯಾವುದನ್ನೂ ಸುತ್ತಿ ಬಳಸಿ ಹೇಳಿ ಗೊತ್ತಿರಲಿಲ್ಲ.

ಕಾತ್ಯಾಯನಿ ಗೋಡೆಗೊರಗಿ ಕೂತುಬಿಟ್ಟರು. “ಏನೂಂದ್ರೆ, ಮನೆ ಕೊಟ್ಬಿಡೋಣ. ಎಲ್ಲಾದ್ರೂ ಒಂದು ಕೋಣೇಲಿ ಇರೋಣ. ಮನೆಗಿಂತ ನೀವು ಮುಖ್ಯ.”

“ಅಜ್ಜ ಕಟ್ಟಿಸಿದ್ದು ಕಣೇ. ಇದು ಹೋದ್ರೆ ಬರೋ ಯಾತ್ರಿಕರು ನಮ್ಮನ್ನ ಎಲ್ಲಿ ಅಂತ ಹುಡುಕ್ತಾರೆ?”

“ಮನಿ ಮಾತು ಆಮ್ಯಾಲೆ ಆಚಾರ್ರೇ, ಮೊದಲು ಜೀವ ಉಳಿಸ್ಕಳ್ರಿ” ಎಂದು ಮಂಜಪ್ಪ ಎದ್ದೇಬಿಟ್ಟರು. “ಸಾರನಾಥಕ್ಕೆ ಹೋಗ್ರಿ. ಅಲ್ಲಿ ಬೇಕಾದಷ್ಟು ಬೌದ್ಧ ಮಠ ಅದಾವು. ತಲಿ ಹೆಂಗೂ ಬೋಳು. ನಮ್ಮನೆ ಮರೂನ್ ಬೆಡ್‌ಶೀಟ್ ಹೊದ್ಕಂಡ್ರೆ ಥೇಟ್ ಲಾಮಾ!”

“ಜುಟ್ಟು?”

“ಮಂಕಿ ಟೋಪಿ ಹಾಕ್ರಿ.”

ಹೀಗೆ ನಲವತ್ತನಾಲ್ಕು ಡಿಗ್ರಿ ಬಿಸಿಲಿನಲ್ಲಿ ಬೆಡ್‌ಶೀಟು ಹೊದ್ದು, ಉಣ್ಣೆಯ ಟೋಪಿ ಹಾಕಿಕೊಂಡು, ಬೇಯುತ್ತಿರುವ ಹಬೆಯ ಕಡುಬಿನಂತೆ ಆಚಾರ್ಯರು ಆಟೋ ಹತ್ತಿದರು. ಆಟೋದವನು ಕನ್ನಡಿಯಲ್ಲಿ ಎರಡು ಸಲ ನೋಡಿದ.

“ಕಾ ಗುರು, ಮೈ ಹುಷಾರಿಲ್ವಾ?” ಎಂದು ಹಿಂದಿಯಲ್ಲಿ ಕೇಳಿದ. ಮೂರನೆಯ ಸಲ ನೋಡಿ ಬ್ರೇಕ್ ಹಾಕಿದ. “ಅರೆ! ವಜ್ರಪಂಜಾದ ಪಂಡಿತ್‌ಜೀ ಅಲ್ವಾ! ಲೋಟನ್ ಭೈಯಾನ್ನೇ ಕಳಿಸಿಬಿಟ್ರಲ್ಲ ಗುರು! ಎಂಥಾ ಧೈರ್ಯ!” ಬೇಡ ಬೇಡ ಎಂದರೂ ಪಕ್ಕಕ್ಕೆ ಬಂದು ಕೂತು ಸೆಲ್ಫಿ ತೆಗೆದು, ಬನಾರಸಿನ ಆಟೋದವರೆಲ್ಲ ಇರುವ ವಾಟ್ಸಾಪ್ ಗುಂಪಿಗೆ ಹಾಕಿದ. ಅಭಿಮಾನದಿಂದಲೇ ಹಾಕಿದ್ದು, ಪಾಪ. ಮುಂದಿನ ತಿರುವು ದಾಟುವುದರೊಳಗೆ ಎರಡು ಮೋಟಾರ್ ಸೈಕಲ್ಲುಗಳು ಆಟೋವನ್ನು ಅಡ್ಡಗಟ್ಟಿದವು.

ಅವರನ್ನು ಎಳೆದೊಯ್ದ ಭೇಲೂಪುರದ ಫ್ಲಾಟಿನಲ್ಲಿ ಲೋಟನ್ ಭೈಯಾ ಮಂಚದ ಮೇಲೆ ಕೂತಿದ್ದ. ಆನೆಯಂಥ ಆಳು, ತೊಡೆಯ ಮೇಲೆ ಪಿಸ್ತೂಲು. ಸುತ್ತಲೂ ಇರಬೇಕಾದ ಅಂಗರಕ್ಷಕರು ಮಾತ್ರ ಮೈಲಿಗೆಯ ಭಯಕ್ಕೆ ಬಾಗಿಲಾಚೆ ಸಾಲಾಗಿ ನಿಂತಿದ್ದರು. ಆಚಾರ್ಯರು ಕಣ್ಣು ಮುಚ್ಚಿ ಅಮರಯ್ಯನವರನ್ನು ನೆನೆದರು. ಗುಂಡು ಹಾರಲಿಲ್ಲ. ಬದಲು ಬಿಕ್ಕಿದ ಸದ್ದು ಕೇಳಿತು.

“ನನ್ನ ಗೋತ್ರ ನಿಮಗ್ಯಾರು ಹೇಳಿದ್ರು?” ಎಂದ ಲೋಟನ್. ಅವನದು ನಿಜವಾಗಿಯೂ ಕಾಶ್ಯಪ ಗೋತ್ರವಾಗಿತ್ತು. “ಮೇಲಾಗಿ ಕಾಗೆ ಬಂತು ಪಂಡಿತ್‌ಜೀ! ನಮ್ಮಪ್ಪನಿಗೆ ಇಟ್ಟಾಗ ಮೂರು ಗಂಟೆ ಕಾದ್ರೂ ಒಂದು ಕಾಗೆ ಬರಲಿಲ್ಲ. ನನ್ನದಕ್ಕೆ ಓಡಿಬಂತು! ಹೆಂಡ್ತಿ ಸಿಂಧೂರ ಇಟ್ಕೋಬೇಕೋ ಅಳಿಸ್ಬೇಕೋ ಅಂತ ಬಾಗಿಲು ಹಾಕ್ಕೊಂಡು ಕೂತಿದ್ದಾಳೆ. ಚಹಾ ಕೇಳಿದ್ರೆ ಈ ನಾಯಿಗಳು ಲೋಟ ದೂರದಿಂದ ತಳ್ತಾರೆ. ಕಾಶೀಲಿ ಇಟ್ಟ ಪಿಂಡ ಸುಳ್ಳಾಗುತ್ತಾ? ನಾನೀಗ ಇದ್ದೀನಾ, ಇಲ್ವಾ?”

ಎಷ್ಟೋ ಜನರನ್ನು ಇಲ್ಲವಾಗಿಸಿದವನು ಹೀಗೆ ಕೇಳುತ್ತಿದ್ದಾನೆ. ಆಚಾರ್ಯರಿಗೆ ಅಂದು ಮೊದಲ ಬಾರಿಗೆ ಉಸಿರು ಪೂರ್ತಿ ಒಳಗೆ ಹೋಯಿತು.

“ಇದಕ್ಕೆ ಶಾಸ್ತ್ರದಲ್ಲಿ ದಾರಿ ಇದೆ” ಎಂದರು, ಟೋಪಿ ತೆಗೆಯುತ್ತ. “ಬದುಕಿದ್ದವನಿಗೆ ತಿಳಿಯದೆ ಕರ್ಮ ಮಾಡಿಬಿಟ್ಟರೆ ಅವನು ಮತ್ತೆ ಹುಟ್ಟಬೇಕು. ತುಪ್ಪದ ಹಂಡೆಯಲ್ಲಿ ಮುಳುಗೆದ್ದು, ಸ್ನಾನ ಮಾಡಿ, ಜಾತಕರ್ಮದಿಂದ ಹಿಡಿದು ಎಲ್ಲ ಹೊಸದಾಗಿ ಆಗಬೇಕು. ಮಾಡಿಸ್ತೀನಿ. ಆದರೆ ನನ್ನ ಮನೆ...”

ಲೋಟನ್ ಎರಡೂ ಕೈ ಎತ್ತಿದ. “ಗಂಗಾ ಮೈಯಾ ಆಣೆ. ನನ್ನ ಒಬ್ಬ ಆಳೂ ನಿಮ್ಮ ಹೊಸ್ತಿಲು ತುಳಿಯಲ್ಲ. ಮನೆ ಕೊಡಿ ಅಂತ ಈ ಬಾಯಿ ಇನ್ನೊಂದು ಸಲ ಕೇಳಲ್ಲ.”

ಮಧ್ಯಾಹ್ನ ಮೂರಕ್ಕೆ ಘಾಟಿನಲ್ಲಿ ಜಾತ್ರೆ. ಬೆಳಗ್ಗೆ ಸಿಕ್ಕ ಚಪ್ಪಲಿ ಮೆಟ್ಟಿ ಓಡಿದವರೆಲ್ಲ ಈಗ ಮೊಬೈಲು ಹಿಡಿದು ಬಂದಿದ್ದರು. ಮಿಠಾಯಿ ಅಂಗಡಿಯಿಂದ ದೊಡ್ಡ ಕಡಾಯಿ ಬಂತು, ಡಬ್ಬಗಟ್ಟಲೆ ತುಪ್ಪ ಬಂತು. ಲೋಟನ್ ಮೊಣಕಾಲು ಮಡಚಿ, ಮುಷ್ಟಿ ಬಿಗಿದು, ಪಾಕದಲ್ಲಿ ಕೂತ ಜಾಮೂನಿನಂತೆ ಅದರೊಳಗೆ ಮುಳುಗಿದ. ಎದ್ದವನಿಗೆ “ಅಳಬೇಕು” ಎಂದರು ಆಚಾರ್ಯರು. ಅತ್ತ. ಒಡೆಯನ ಅಳು ಕೇಳಿ ಅಭ್ಯಾಸವಿಲ್ಲದ ಆಳುಗಳು ಗಾಬರಿಯಾಗಿ ಪಿಸ್ತೂಲು ತೆಗೆದರು.

ಎಲ್ಲ ಸಲೀಸಾಗಿ ನಡೆದದ್ದು ಜೇನುತುಪ್ಪದವರೆಗೆ. ಕೂಸಿನ ನಾಲಗೆಗೆ ಚಿನ್ನದುಂಗುರದಿಂದ ಜೇನು ತಾಗಿಸಬೇಕಾದವನು ತಂದೆ. ಲೋಟನ್‌ನ ತಂದೆ ತಾಯಿ ಸತ್ತು ಎಷ್ಟೋ ವರ್ಷವಾಗಿತ್ತು. “ಯಾರಾದರೂ ತಂದೆಯಾಗಿ ಕೂರಬೇಕು” ಎಂದು ಆಚಾರ್ಯರು ಜನರತ್ತ ನೋಡಿದರು. ಜನ ಗಂಗೆಯತ್ತ ನೋಡಿದರು.

“ನೀವೇ ಕೂತುಬಿಡ್ರಿ ಆಚಾರ್ರೇ,” ಮಂಜಪ್ಪ ಗುಂಪಿನಿಂದ ಕೂಗಿದರು, “ಐದು ನಿಮಿಷದ ಕೆಲಸ! ಅಮ್ಮಾರೂ ಅದಾರಲ್ಲ!”

ಬಾಗಿಲು ತಟ್ಟಿದಂತೆ ಎಲ್ಲಿಂದಲೋ ಪಿಸ್ತೂಲಿನ ಖಟ್ ಎಂಬ ಸದ್ದು ಬಂತು. ಆಚಾರ್ಯರು ಕೂತರು. ಮದುವೆಯಾಗಿ ಇಪ್ಪತ್ತೆಂಟು ವರ್ಷವಾದರೂ ಮಡಿಲು ತುಂಬದ ಕಾತ್ಯಾಯನಿಯ ತೊಡೆಯ ಮೇಲೆ ತುಪ್ಪ ತೊಟ್ಟಿಕ್ಕುವ ತಲೆ ಬಂತು. ಅವರು ಮೊದಲು ಮುಖ ತಿರುಗಿಸಿದರು. ಆಮೇಲೆ ಆ ತಲೆ ಇನ್ನೂ ಬಿಕ್ಕುತ್ತಿದ್ದುದು ಕಂಡು, ಕೈ ತಾನಾಗಿ ಅದರ ಮೇಲೆ ಹೋಯಿತು. ಆಚಾರ್ಯರು ಜೇನು ತಾಗಿಸಿದರು, ಕಿವಿಯಲ್ಲಿ ಹೆಸರು ಹೇಳಿದರು, ತಮ್ಮ ಗೋತ್ರವನ್ನೂ ಹೇಳಿದರು; ತಂದೆಯದೇ ಅಲ್ಲವೇ ಮಗನಿಗೆ. ಇನ್ನೂರು ಮೊಬೈಲುಗಳು ಎಲ್ಲವನ್ನೂ ನೋಡಿಕೊಂಡವು.

ಮನೆ ಉಳಿಯಿತು! ಸಂಜೆ ಮೆಟ್ಟಿಲು ಹತ್ತುವಾಗ ಆಚಾರ್ಯರ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಮೊಹಲ್ಲಾದುದ್ದಕ್ಕೂ ಅವರೇ ವಜ್ರಪಂಜಾ. ಹಾಲಿನವನು ಹಾರ ಹಾಕಿದ. ಮನೆಗೆ ಬಂದು ಕೈಕಾಲು ತೊಳೆಯುವಷ್ಟರಲ್ಲಿ ಬಾಗಿಲು ಬಡಿದ ಸದ್ದು.

ಹೊಸ ಹಳದಿ ಪಂಚೆಯುಟ್ಟ ಲೋಟನ್, ತಲೆಯ ಮೇಲೆ ಟ್ರಂಕು ಹೊತ್ತು ಒಬ್ಬನೇ ನಿಂತಿದ್ದ. ಆಳುಗಳು ಗಲ್ಲಿಯ ತುದಿಯಲ್ಲೇ ಉಳಿದಿದ್ದರು, ಆಣೆ ಆಣೆಯೇ. ಜೊತೆಗೆ ಬಂದಿದ್ದವನು ಕಪ್ಪು ಕೋಟಿನ ವಕೀಲನೊಬ್ಬ. ಅವನು ಆಳಲ್ಲವಲ್ಲ.

“ಏನಿದು ಭೈಯಾ? ಆಣೆ ಮಾಡಿದ್ದೆಯಲ್ಲ!”

“ಭೈಯಾ ಅನ್ಬೇಡಿ ಅಪ್ಪಾಜಿ, ಪಾಪ ಬರುತ್ತೆ.” ಲೋಟನ್ ಟ್ರಂಕು ಇಳಿಸಿ, ಕಾಲಿಗೆ ಬಿದ್ದು ಎದ್ದ. “ಮನೆ ಕೇಳಲ್ಲ ಅಂದಿದ್ದೆ, ಕೇಳ್ತಾ ಇಲ್ಲ. ಅಪ್ಪನ ಮನೇನ ಮಗ ಕೇಳಿ ತಗೋತಾನಾ? ಹಸುಗೂಸು ಈಗಷ್ಟೇ ಹುಟ್ಟಿದೆ. ಎಲ್ಲಿಗೆ ಹೋಗ್ಬೇಕು ಹೇಳಿ?”

ವಕೀಲ ಮೊಬೈಲು ತೆರೆದು ಜಾತಕರ್ಮದ ವಿಡಿಯೋ ತೋರಿಸಿದ. ದತ್ತು ಎಂದು ಬರೆಸಲು ಇಷ್ಟು ಸಾಕ್ಷಿ ಸಾಕು, ಅಪ್ಪನವರ ಸಹಿಯೊಂದು ಬಾಕಿ, ಅದಕ್ಕೇನೂ ಅವಸರವಿಲ್ಲ ಎಂದ.

“ಯಾರೋ ಅದು?” ಒಳಗಿನಿಂದ ಸರಸ್ವತಮ್ಮ ಕೂಗಿದರು. “ಮಗು ಬಂತೇನೋ? ಬಾಗಿಲಲ್ಲೇ ನಿಲ್ಲಿಸ್ಬೇಡ, ದೃಷ್ಟಿಯಾಗುತ್ತೆ! ಕಾತ್ಯಾಯನೀ, ಆರತಿ ತಾರೇ!”

ಕಾತ್ಯಾಯನಿ ಆರತಿ ತಂದರು. ಮೂರು ಸುತ್ತು ಸಾಕಿತ್ತು, ಐದು ಸುತ್ತು ಎತ್ತಿದರು; ಹೆದರಿಕೆಯೋ ಇನ್ನೊಂದೋ ಆಚಾರ್ಯರಿಗೆ ತಿಳಿಯಲಿಲ್ಲ. ಲೋಟನ್ ಬಲಗಾಲಿಟ್ಟು ಒಳಗೆ ಬಂದ. ನಡುಮನೆ ನೋಡಿದ, ಮೆಟ್ಟಿಲು ಹತ್ತಿ ಮೇಲಿನ ಕಿಟಕಿ ತೆರೆದು ಗಂಗೆಯನ್ನೂ ನೋಡಿ ಇಳಿದ. ಬಂದು ಆಚಾರ್ಯರ ಕಾಲ ಬುಡದಲ್ಲಿ ಕೂತು ಮೃದುವಾಗಿ ಕಾಲೊತ್ತತೊಡಗಿದ.

“ಇಷ್ಟು ವರ್ಷ ಎಲ್ಲರ ಪಿಂಡ ನೀವಿಟ್ರಿ. ನಿಮ್ಮದನ್ನ ಯಾರಿಡ್ತಾರೆ ಅನ್ನೋ ಕೊರಗಿತ್ತೇನೋ. ಇನ್ನು ಬೇಡ, ನಾನಿದ್ದೀನಿ.” ಕೈ ಹಾಗೇ ಮೊಣಕಾಲಿನವರೆಗೆ ಬಂತು. “ಅಂದ ಹಾಗೆ ಅಪ್ಪಾಜಿ, ನಿಮಗೆ ವಯಸ್ಸೆಷ್ಟು?”

“ಐವತ್ತೇಳು.”

“ಅಷ್ಟಾಗಿಹೋಯ್ತಾ!” ಎಂದು ಮಗ ಮನಸಾರೆ ಮರುಗಿದ.