ಮೊದಲ ಸರದಿಯೂ ಎರಡು ಕತ್ತಿನ ನವಿಲೂ

ಕಂಪ್ಯೂಟರ್ ತಾನಾಗಿ ಕೆಡುವುದು ಕಮ್ಮಿ. ಮುಂದೆ ಕೂತವರು ಕೆಡಿಸುವುದೇ ಹೆಚ್ಚು. ದೊಡ್ಡಬಳ್ಳಾಪುರದ ಸೀರೆ ಕಾರ್ಖಾನೆಯೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ನನಗೆ ಇಂಥದ್ದು ವಾರಕ್ಕೊಂದು ಇದ್ದದ್ದೇ. ಈ ಸಲ ಮಾತ್ರ ಮಾಲೀಕರ ಮಗಳ ಧಾರೆ ಸೀರೆಗೇ ಬಂದಿತ್ತು.

ಒಂದು ಬಟನ್

ಮಗ್ಗಕ್ಕೆ ಪ್ರತಿ ಎಳೆಯ ಚಿತ್ರವನ್ನೂ ಕಂಪ್ಯೂಟರ್ ಕ್ಷಣ ತಪ್ಪದೆ ಕಳಿಸಬೇಕು. ತಡವಾದರೆ ಮಗ್ಗ ಕಾಯುವುದಿಲ್ಲ, ನೇಯ್ದದ್ದನ್ನೇ ಮತ್ತೆ ನೇಯುತ್ತದೆ. ಬಿಲ್ಲು, ವಿಡಿಯೋ ಎಲ್ಲ ಅದೇ ಕಂಪ್ಯೂಟರಿನಲ್ಲಿ ನಡೆಯುವುದರಿಂದ ಮಗ್ಗದ ಪ್ರೋಗ್ರಾಮಿಗೆ ಮೊದಲ ಸರದಿ. ಆ ಸರದಿ ಕೊಡುವ ಅಧಿಕಾರ ಅಡ್ಮಿನ್‌ಗೆ, ಅಂದರೆ ನನಗೆ ಮಾತ್ರ. ಕರೆಂಟ್ ಹೋಗಿ ಬಂದಾಗಲೆಲ್ಲ ಅದನ್ನು ಮತ್ತೆ ಕೊಡಬೇಕು, ಮಗ್ಗ ನಡೆಸುವ ಅಕ್ಕ ನನಗೆ ಫೋನ್ ಮಾಡುವರು.

ಒಂದು ದಿನ ತೂಬಗೆರೆಯಲ್ಲಿ ನೆಂಟರ ಬೀಗರೂಟಕ್ಕೆ ಕೂತಿದ್ದೆ. ಮುದ್ದೆ ಮುರಿಯುವಷ್ಟರಲ್ಲಿ ಫೋನು.

"ಸಾರ್, ಬಂದು ಒಂದ್ ಬಟನ್ ಒತ್ತಿ ಹೋಗಿ."

"ಊಟಕ್ಕೆ ಕೂತಿದೀನಿ ಕಣಕ್ಕಾ."

"ನಿಧಾನಕ್ಕೆ ಮಾಡಿ ಸಾರ್. ನಿಮ್ಮನ್ನ ಕರ್ಕೊಂಡ್ ಬರಕ್ಕೆ ಮಾಲೀಕರು ಆಗ್ಲೇ ಕಾರಲ್ಲಿ ಹೊರಟ್ರು. ಅವರ್ಗೂ ಒಂದ್ ಎಲೆ ಹಾಕ್ಸಿ."

ಮಾಲೀಕರಿಗೆ ಎರಡು ಮುದ್ದೆ ಮುಗಿಸಿದ ಮೇಲೇ ಮಗ್ಗದ ನೆನಪಾಗಿದ್ದು.

ಎಲ್ಲರೂ ಮೊದಲು

ಮಾರನೇ ದಿನ ಬೇಜಾರಾಗಿ ಎಲ್ಲರಿಗೂ ಅಡ್ಮಿನ್ ಪಾಸ್‌ವರ್ಡ್ ಕೊಟ್ಟುಬಿಟ್ಟೆ. ತಪ್ಪು ನನ್ನದೇ. ಅಕ್ಕ ಮಗ್ಗಕ್ಕೆ ಮೊದಲ ಸರದಿ ಕೊಟ್ಟರು, ಗುಮಾಸ್ತರು ಬಿಲ್ ಪ್ರಿಂಟಿಗೆ, ಮಾಲೀಕರು ಮಗಳ ನಿಶ್ಚಿತಾರ್ಥದ ವಿಡಿಯೋಗೆ. ವಿಡಿಯೋ ಚೆನ್ನಾಗಿ ಓಡಿತು, ಬೇರೇನೂ ಓಡಲಿಲ್ಲ. ಆಗ ಮಗ್ಗದ ಮೇಲಿದ್ದದ್ದು ಧಾರೆ ಸೀರೆಯ ಸೆರಗಿನ ಸ್ಯಾಂಪಲ್. ನವಿಲಿಗೆ ಕತ್ತಿನ ಮೇಲೆ ಇನ್ನೊಂದು ಕತ್ತು ಬಂದು, ಅದರ ಮೇಲೆ ತಲೆ ಕೂತಿತು.

ಮಾಲೀಕರು ಸ್ಯಾಂಪಲ್ ಎತ್ತಿ ಹಿಡಿದರು. "ಅಸಲಿ ಸೀರೇಲೂ ಹಿಂಗಾದ್ರೆ ಬೀಗರಿಗೆ ಏನಂತ ಮುಖ ತೋರ್ಸ್ಲಪ್ಪಾ?"

"ಮುಖ ಸರಿಯಾಗೇ ಬಂದೈತೆ ಸಾರ್," ಅಂದರು ಅಕ್ಕ. "ಕತ್ತೇ ಒಂದು ಜಾಸ್ತಿ."

ಡೈರಿ ಸಾಲು

ಪಾಸ್‌ವರ್ಡ್ ಬದಲಾಯಿಸಿ ಹೊಸ ಏರ್ಪಾಟು ಮಾಡಿದೆ. ಇನ್ನು ಯಾರು ಬೇಕಾದರೂ ತಮ್ಮ ಕೆಲಸಕ್ಕೆ ಮೊದಲ ಸರದಿ ಕೇಳಬಹುದು, ನಾನು ಬೇಕಿಲ್ಲ. ಆದರೆ ಒಂದು ಕಾವಲು ಪ್ರೋಗ್ರಾಂ ನೋಡುತ್ತಿರುತ್ತದೆ. ಮಗ್ಗದ ಪ್ರೋಗ್ರಾಮಿನಂತೆ ಕ್ಷಣದಲ್ಲಿ ಕೆಲಸ ಮುಗಿಸಿ ಸರಿಯುವುದನ್ನು ಬಿಟ್ಟು, ಮುಂದೆ ಬಂದು ಜಾಗ ಬಿಡದೆ ಕೂತದ್ದನ್ನು ಹಿಂದಕ್ಕೆ ತಳ್ಳುತ್ತದೆ. ಕಾವಲು ನಿಲ್ಲಿಸಲು ಮಾತ್ರ ಅಡ್ಮಿನ್ ಪಾಸ್‌ವರ್ಡ್ ಬೇಕು. ಇದನ್ನು ಅರ್ಧ ಗಂಟೆ ಬೋರ್ಡಿನ ಮೇಲೆ ಚಿತ್ರ ಬರೆದು ವಿವರಿಸಿದೆ.

ರಾಜಘಟ್ಟದಿಂದ ಬರುವ ಮಗ್ಗದ ಅಕ್ಕ ಆಕಳಿಸಿದರು. "ನಮ್ಮೂರ ಡೈರೀಲಿ ದಿನಾ ಇದೇ ಅಲ್ವಾ ಸಾರ್? ಕ್ಯಾನ್ ಮುಂದಿಟ್ಕೊಂಡು ಹಾಲು ಹಾಕ್ದೆ ಹರಟೆ ಹೊಡೀತಾ ನಿಂತ್ರೆ, ಹಿಂದಿನೋರು ಎತ್ತಿ ಕೊನೇಗಿಡ್ತಾರೆ. ಅದುಕ್ಕೆ ಬೋರ್ಡ್ ಯಾಕೆ?"

ಮಾಲೀಕರಿಗೆ ಅನುಮಾನ. "ನಂಗೂ ಹಂಗೇನಾ? ನಾನು ಓನರ್ ಕಣಮ್ಮಾ!"

"ಡೈರಿ ಪ್ರೆಸಿಡೆಂಟ್ ಕ್ಯಾನೂ ಎತ್ತಿಡ್ತೀವಿ ಸಾರ್. ಅದನ್ನ ಸ್ವಲ್ಪ ಜೋರಾಗಿ ಇಡ್ತೀವಿ."

ಧಾರೆ ಸೀರೆ

ಅಸಲಿ ಸೀರೆ ನೇಯುವ ದಿನ ಮಾಲೀಕರು ಪರೀಕ್ಷೆಗೆಂದು ವಿಡಿಯೋಗೆ ಮೊದಲ ಸರದಿ ಕೊಟ್ಟರು. ವಿಡಿಯೋದಲ್ಲಿ ಬೀಗರು ಮಾಲೀಕರ ಬಾಯಿಗೆ ಲಾಡು ಇಡಲು ಕೈ ಎತ್ತಿದ ಹೊತ್ತಿಗೇ ಕಾವಲು ಅದನ್ನು ಹಿಂದಕ್ಕೆ ತಳ್ಳಿತು. ಪರದೆಯ ಮೇಲೆ ಮಾಲೀಕರು ಬಾಯಿ ತೆರೆದುಕೊಂಡೇ ನಿಂತರು, ಮಗ್ಗ ನಿಲ್ಲಲಿಲ್ಲ. ಪ್ರತಿ ನವಿಲಿಗೂ ಒಂದೇ ಕತ್ತು. ನನಗಾದ ಖುಷಿ ಅಷ್ಟಿಷ್ಟಲ್ಲ.

ಮದುಮಗಳು ನೋಡಲು ಬಂದಳು. ಸೀರೆ ಚೆನ್ನಾಗಿದೆ ಅಂದಳು. ಆಮೇಲೆ ಧೂಳು ಕೂರದಿರಲೆಂದು ಪ್ರಿಂಟರಿಗೆ ಹೊದಿಸಿದ್ದ ಹಳೇ ಸ್ಯಾಂಪಲ್ ಕಣ್ಣಿಗೆ ಬಿತ್ತು.

"ಅಪ್ಪಾ, ನಂಗೆ ಇದೇ ಬೇಕು!"

"ಅದು ತಪ್ಪಾಗಿ ಬಂದಿದ್ದಮ್ಮಾ."

"ಎಲ್ಲಾರ ಮದುವೇಲೂ ಅದೇ ನವಿಲು. ಇದು ನೋಡಿ, ಕಾಂಪೌಂಡ್ ಮೇಲಿಂದ ಇಣುಕಿ ಊಟಕ್ಕೆ ಬಂದೋರ್ನ ಎಣಿಸ್ತಿರೋ ಹಂಗಿದೆ!"

ಹಾಗೇ ಡಿಸೈನ್ ಬರೆಸಿ ಕೊಡ್ತೀನಿ ಅಂದೆ. "ಬೇಡ ಅಂಕಲ್, ಬರೆಸಿದ್ರೆ ಬರೆಸಿದ ಹಂಗೇ ಇರುತ್ತೆ. ಇದು ತಾನಾಗೇ ತಪ್ಪಬೇಕು."

ಮಗಳ ಮಾತು ಮೀರುವ ಮಾಲೀಕರಲ್ಲ. ಮಧ್ಯಾಹ್ನವೆಲ್ಲ ಮಾಲೀಕರು, ಅಕ್ಕ, ನಾನು ಮೂವರೂ ಕಂಪ್ಯೂಟರ್ ಕೆಡಿಸಲು ಕೂತೆವು. ಬಿಲ್ಲು, ವಿಡಿಯೋ, ಹಾಡು, ಲಗ್ನಪತ್ರಿಕೆ, ಎಲ್ಲಕ್ಕೂ ಮೊದಲ ಸರದಿ ಕೊಟ್ಟೆವು. ಕೈಯಾರೆ ಕಟ್ಟಿದ ಕಾವಲನ್ನು ನಿಲ್ಲಿಸಲು ಮಾತ್ರ ನನಗೆ ಮನಸ್ಸು ಬರಲಿಲ್ಲ. ಕಾವಲು ಒಂದೊಂದನ್ನೇ ಹಿಂದಕ್ಕೆ ತಳ್ಳಿತು. ಹಾಳು ನವಿಲು ಒಂದೇ ಕತ್ತಿನಲ್ಲಿ ಬಂತು.

ಮಾಲೀಕರು ನನ್ನ ಕೈ ಹಿಡಿದುಕೊಂಡರು. "ಸೇಫ್ ಮಾಡು ಅಂದ್ರೆ ಇಷ್ಟೊಂದಾ ಮಾಡೋದು?"

ಅಕ್ಕ ಸೆರಗು ಕೊಡವಿ ಎದ್ದರು. "ಸಾರ್, ಆ ಅಡ್ಮಿನ್ ಪಾಸ್‌ವರ್ಡ್ ನನ್ ಕೈಗೆ ಕೊಟ್ಟು ನೀವಿಬ್ರೂ ಎಲ್ಲಾದ್ರೂ ಬೀಗರೂಟಕ್ಕೆ ಹೋಗ್ಬನ್ನಿ. ಮುದ್ದೆ ಮುಗಿಯೋದ್ರಲ್ಲಿ ಮೂರು ಕತ್ತು ಮಾಡಿಟ್ಟಿರ್ತೀನಿ."