ಹದಿನೈದು ಸೆಕೆಂಡಿನ ಮೌನ

ಮಾತಾಡಿ ಕೆಟ್ಟವರು ಊರಿಗೆ ಹತ್ತು ಮಂದಿ ಸಿಗುತ್ತಾರೆ. ಮಾತಾಡದೆ ಕೆಟ್ಟವನು ನಾನೊಬ್ಬನೇ ಇರಬೇಕು. ಅದೂ ಎರಡು ಸಲ. ಮೊದಲನೆಯ ಸಲದ ಫಲ ಅಡುಗೆಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದಾಳೆ. ಎರಡನೆಯ ಸಲದ ಫಲ ನಡುಮನೆಯಲ್ಲಿ ನನ್ನ ಲುಂಗಿ ಉಟ್ಟುಕೊಂಡು, ನನ್ನ ಕುರ್ಚಿಯಲ್ಲಿ ಕೂತು, ನನಗೇ ಬುದ್ಧಿ ಹೇಳುತ್ತಿದೆ.

ನಾನು ಸೂರತ್ತಿನಲ್ಲಿ ಸೀರೆ ದಲಾಲಿ. ರಿಂಗ್ ರೋಡಿನ ಮಾರ್ಕೆಟ್ಟಿನಲ್ಲಿ ಮಾಲು ಹಿಡಿದು ದಾವಣಗೆರೆ, ಹುಬ್ಬಳ್ಳಿಯ ಅಂಗಡಿಗಳಿಗೆ ಕಳಿಸುವುದು ಇಪ್ಪತ್ತೆರಡು ವರ್ಷಗಳ ಕಸುಬು. ಈ ಕಸುಬಿನ ಮೂಲಮಂತ್ರ ಒಂದೇ. ಎದುರಿನವನು "ಇಟ್ಟುಕೊಳ್ಳುತ್ತೀರಾ ಶೇಠ್?" ಎಂದು ಕೇಳಿದಾಗ ತುಟಿ ಬಿಚ್ಚಬಾರದು. ಚಹಾದ ಬಟ್ಟಲು ನೋಡಬೇಕು, ಫ್ಯಾನು ನೋಡಬೇಕು, ಗೋಡೆಯ ಮೇಲಿನ ಲಕ್ಷ್ಮಿಯನ್ನು ನೋಡಬೇಕು. ಮೊದಲು ಬಾಯಿ ಬಿಟ್ಟವನು ಸೋತ. ಎಂಥ ಕಲ್ಲೆದೆಯ ವ್ಯಾಪಾರಿಯೂ ಅರ್ಧ ನಿಮಿಷದ ಮೇಲೆ ತಡೆಯಲಾರ, ತಾನಾಗಿ ಬೆಲೆಯಲ್ಲಿ ಇಳಿಯುತ್ತಾನೆ. ಅದಕ್ಕೂ ಬಗ್ಗದಿದ್ದರೆ ಎದ್ದು ಮೆಟ್ಟಿಲಿಳಿಯಲು ಶುರು ಮಾಡಬೇಕು. ಮೂರನೇ ಮೆಟ್ಟಿಲಿಗೆ "ಅರೇ ಶೇಠ್, ಆವೋ ನೆ!" ಎಂದು ವಾಪಸ್ ಕರೆ ಬರದಿದ್ದರೆ ಅದು ಸೂರತ್ತೇ ಅಲ್ಲ.

ಇಂಥ ಮೌನಮುನಿಯ ಮನೆಗೆ ಕಳೆದ ವರ್ಷ, ಅಂದರೆ ತೊಂಬತ್ತೆಂಟರಲ್ಲಿ, ಒಂದು ಹಳೆಯ ಕಂಪ್ಯೂಟರ್ ಬಂತು. ಬೇಕಾಗಿ ಬಂದದ್ದಲ್ಲ. ವಡೋದರಾದಲ್ಲಿ ಬ್ಯಾಂಕ್ ಮ್ಯಾನೇಜರ್ ಆಗಿರುವ ನನ್ನ ಷಡ್ಡಕ ಶಂಕರನಾರಾಯಣರು ಫೋನಿನಲ್ಲಿ, "ಗುಂಡಪ್ಪಾ, ನಮ್ಮನೆ ಕಂಪ್ಯೂಟರ್‌ನಲ್ಲಿ ಗುಲಾಬಿ ಮೇಲಿನ ಇಬ್ಬನೀನೂ ಕಾಣುತ್ತಯ್ಯಾ!" ಎಂದದ್ದರಿಂದ ಬಂದದ್ದು. (ಷಡ್ಡಕ ಎಂದರೆ ಒಂದೇ ಮಾವನಿಂದ ನೊಂದ ಇನ್ನೊಬ್ಬ. ಆದರೂ ನಮ್ಮಲ್ಲಿ ಒಗ್ಗಟ್ಟಿಲ್ಲ.)

ನನ್ನ ಹೆಂಡತಿ ಶಾಂತಾ ಇಬ್ಬನಿಯಂಥ ಚಿಲ್ಲರೆ ವಿಷಯಕ್ಕೆ ಹೋಗಲಿಲ್ಲ. ರೇಷ್ಮೆ ಸೀರೆಯುಟ್ಟು ತೆಗೆಸಿಕೊಂಡ ತನ್ನದೇ ಫೋಟೋವನ್ನು ಸ್ಟುಡಿಯೋದವನಿಂದ ಫ್ಲಾಪಿಗೆ ಹಾಕಿಸಿ, ಪರದೆಯ ತುಂಬ ಬರುವಂತೆ ಮಾಡಿಸಿದಳು. ಆದರೆ ಪರದೆಗೆ ಬಣ್ಣ ಕಳಿಸುವ ವಿಡಿಯೋ ಕಾರ್ಡು ಓಬೀರಾಯನ ಕಾಲದ್ದು. ಅದಕ್ಕೆ ಗೊತ್ತಿದ್ದದ್ದು ಹದಿನಾರೇ ಬಣ್ಣ, ಅದರಲ್ಲಿ ಹೆಂಗಸರ ಕೆನ್ನೆಯದು ಇರಲಿಲ್ಲ. ಇದ್ದುದರಲ್ಲೇ ಸುಧಾರಿಸಿಕೊಂಡು ಕೆನ್ನೆಗೆ ಹಸಿರು, ಮೂಗಿಗೆ ಬೂದಿ, ಹಣೆಗೆ ನೇರಳೆ ಚುಕ್ಕಿ ಇಟ್ಟಿತು.

"ಏನ್ರೀ ಇದು? ಬೂಷ್ಟು ಹಿಡಿದ ಬ್ರೆಡ್ಡಿನ ಥರ ಇದೀನಲ್ರೀ!"

"ಸೀರೆ ಚೆನ್ನಾಗಿ ಬಂದಿದೆ," ಎಂದೆ. (ಕಸುಬಿನ ದೋಷ.)

"ಸೀರೆ ಮನೆ ಹಾಳಾಯ್ತು! ಭಾನುವಾರ ಅಕ್ಕ ಭಾವ ಊಟಕ್ಕೆ ಬರ್ತಾರೆ. ನನ್ನ ಫೋಟೋ ಕಂಪ್ಯೂಟರ್‌ನಲ್ಲಿ ಬರುತ್ತೆ ಅಂತ ಅಕ್ಕಂಗೆ ಹೇಳಿಯಾಗಿದೆ. ಅಷ್ಟರೊಳಗೆ ನನ್ನ ಮುಖ ನನಗೆ ವಾಪಸ್ ಕೊಡಿಸಿ. ಇಲ್ಲಾಂದ್ರೆ..."

ಅವಳು ವಾಕ್ಯ ಮುಗಿಸಲಿಲ್ಲ. ಅವಳ ಮುಗಿಸದ ವಾಕ್ಯಗಳನ್ನು ನಾನು ಎರಡು ಸಲ ಹೋಟೆಲಿನಲ್ಲಿ ಉಂಡು ಅನುಭವಿಸಿದ್ದೇನೆ.

ಶನಿವಾರ ಕಂಪ್ಯೂಟರ್ ಡಬ್ಬವನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ರಿಕ್ಷಾದಲ್ಲಿ ಅಡಾಜಣ್‌ನಿಂದ ತಾಪಿ ನದಿ ದಾಟಿ ಅಜಯ್‌ಭಾಯಿಯ ಅಂಗಡಿಗೆ ಹೋದೆ. ಅವನು ಹೊಸ ಕಾರ್ಡು ತೋರಿಸಿ, "ಏಕ್ ಕರೋಡ್ ಸಡ್‌ಸಠ್ ಲಾಖ್ ಕಲರ್, ಶೇಠ್!" ಎಂದ. ಒಂದು ಕೋಟಿ ಅರವತ್ತೇಳು ಲಕ್ಷ ಬಣ್ಣ!

ನಾನು ಫ್ಯಾನು ನೋಡಿದೆ. ಆಮೇಲೆ, "ಎರಡು ಕೋಟಿಗೆ ರೌಂಡ್ ಮಾಡು," ಎಂದೆ.

"ಶೇಠ್, ಅದಕ್ಕಿಂತ ಹೆಚ್ಚು ಮನುಷ್ಯರ ಕಣ್ಣಿಗೆ ಕಾಣಲ್ಲ."

"ನಮ್ಮ ಮನೆಯವಳ ಕಣ್ಣು ನಿನಗೆ ಗೊತ್ತಿಲ್ಲ. ಸೀರೆಗೆ ಫಾಲ್ ಮ್ಯಾಚ್ ಆಗಲಿಲ್ಲ ಅಂತ ಚೌಟಾ ಬಜಾರಿಗೆ ನನ್ನನ್ನ ನಾಲ್ಕು ಸಲ ಓಡಿಸ್ತಾಳೆ."

ಅಜಯ್‌ಭಾಯಿ ಬಗ್ಗಲಿಲ್ಲ. ಕಾರ್ಡು ಕೂರಿಸಿ, ಡ್ರೈವರ್ ಹಾಕಿ (ಈ ಸುದ್ದಿ ಕೇಳಿ ಶಾಂತಾ, "ಅವನಿಗೂ ಊಟ ಇಲ್ಲೇನಾ?" ಎಂದಳು), ಮನೆಗೆ ಹೋಗಿ ಬಣ್ಣ ಆರಿಸಿಕೊಳ್ಳುವ ವಿಧಾನವನ್ನು ಚೀಟಿಯಲ್ಲಿ ಬರೆದುಕೊಟ್ಟ. ಚೀಟಿಯ ಕೊನೆಯ ಸಾಲು: 'ಓಕೆ ಒತ್ತಿ.'

ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಇಟ್ಟು, ಚೀಟಿ ಹಿಡಿದು ಕೂತೆ. ಹೇಳಿದ ಜಾಗದಲ್ಲೆಲ್ಲ ಒತ್ತಿದೆ. ಹದಿನಾರು ಬಣ್ಣ ತೆಗೆದು ಕೋಟಿ ಬಣ್ಣ ಇಟ್ಟೆ. ಪರದೆಯ ಅಳತೆಯನ್ನೂ ದೊಡ್ಡದು ಮಾಡಿದೆ. (ಪುಕ್ಕಟೆ ಸಿಗುವಾಗ ಸಣ್ಣದು ಯಾಕೆ?) ಓಕೆ ಒತ್ತಿದೆ. ಪರದೆ ಒಮ್ಮೆ ಕಪ್ಪಾಯಿತು. ಮರುಕ್ಷಣ, ಆಹಾ! ನನ್ನ ಹೆಂಡತಿ ನನ್ನ ಹೆಂಡತಿಯಂತೆಯೇ ಕಂಡಳು! ಕೆನ್ನೆಗೆ ಕೆನ್ನೆಯ ಬಣ್ಣ, ಮೂಗಿಗೆ ಮೂಗಿನ ಬಣ್ಣ, ಕಣ್ಣಿನಲ್ಲಿ ನನ್ನ ಮೇಲಿನ ಸಂಶಯದ ಬಣ್ಣ, ಎಲ್ಲ ಯಥಾವತ್ತು.

ಅಷ್ಟರಲ್ಲಿ ಅವಳ ಮೂಗಿನ ಮೇಲೆ ಒಂದು ಚಿಕ್ಕ ಚೌಕ ಮೂಡಿತು. ಇಂಗ್ಲಿಷಿನಲ್ಲಿ ಕೇಳಿತು: ಈ ಸೆಟ್ಟಿಂಗ್ ಇಟ್ಟುಕೊಳ್ಳುತ್ತೀರಾ? ಕೆಳಗೆ 'ಯೆಸ್' ಒಂದು, 'ನೋ' ಒಂದು.

ಇಟ್ಟುಕೊಳ್ಳುತ್ತೀರಾ! ಇಪ್ಪತ್ತೆರಡು ವರ್ಷಗಳ ಅಭ್ಯಾಸ ನನ್ನ ಮೈಯಲ್ಲಿ ತಾನಾಗಿ ಎದ್ದು ನಿಂತಿತು. ಕೈ ಕಟ್ಟಿಕೊಂಡೆ. ತುಟಿ ಹೊಲಿದುಕೊಂಡೆ. ಫ್ಯಾನು ನೋಡಿದೆ.

ಹದಿನೈದು ಸೆಕೆಂಡು ಆಗಿರಬೇಕು. ಯಂತ್ರ ಸ್ಯಾಂಪಲ್ ಸೀರೆ ಮಡಚಿದಂತೆ ಕೋಟಿ ಬಣ್ಣವನ್ನೂ ಮಡಚಿ ಒಳಗಿಟ್ಟಿತು. ಶಾಂತಾ ಮತ್ತೆ ಹಸಿರಾದಳು.

ಗಟ್ಟಿ ಪಾರ್ಟಿ, ಎಂದುಕೊಂಡೆ. ಮತ್ತೆ ಮಾಡಿದೆ. ಮತ್ತೆ ಕೇಳಿತು. ಈ ಸಲ ಲಕ್ಷ್ಮಿಯನ್ನು ನೋಡಿದೆ. ಮತ್ತೆ ಮಡಚಿತು. ಮೂರನೇ ಸಲ ಬ್ರಹ್ಮಾಸ್ತ್ರ ಬಿಟ್ಟೆ. ಎದ್ದು, ಚಪ್ಪಲಿ ಮೆಟ್ಟಿ, ಬಾಗಿಲು ತೆರೆದು ಮೆಟ್ಟಿಲಿಳಿದೆ. ಒಂದು... ಎರಡು... ಮೂರು. "ಆವೋ ನೆ" ಬರಲಿಲ್ಲ. ಬಂದದ್ದು ಶಾಂತಾಳ ಕೂಗು.

"ಎಲ್ಲಿಗ್ರೀ ಹೊರಟ್ರಿ? ಇಲ್ಲಿ ನನ್ನ ಮುಖ ಮತ್ತೆ ಕೊಳೀತಾ ಇದೆ!"

"ಶ್! ವ್ಯಾಪಾರ ನಡೀತಿದೆ," ಎನ್ನುತ್ತ ಒಳಗೆ ಬಂದು ಬಾಗಿಲು ಹಾಕಿದೆ.

"ಯಾರ ಜೊತೆ?"

"ಅದರ ಜೊತೆ. ಇಟ್ಟುಕೊಳ್ತೀರಾ ಅಂತ ಆಗಿಂದ ಗೋಗರೀತಿದೆ. ಇನ್ನು ಎರಡು ಸಲ ಸುಮ್ಮನಿದ್ದರೆ ಇಳಿಯುತ್ತೆ ನೋಡು."

"ಇಳಿಯೋದಕ್ಕೆ ಅದೇನು ಲಿಫ್ಟೇನ್ರೀ? ಪಾಪ, ಕೇಳ್ತಾ ಇದೆ, ಹೂಂ ಅನ್ನಬಾರದೇ?"

"ಹೂಂ ಅಂದರೆ ಕೆಟ್ಟೆವು. ಮೊದಲು ಬಾಯಿ ಬಿಟ್ಟವನು..."

ಬಾಗಿಲ ಗಂಟೆ ಬಾರಿಸಿತು. ಷಡ್ಡಕರು ದಯಮಾಡಿಸಿದ್ದರು. ಜೊತೆಗೆ ಅತ್ತಿಗೆ ನಳಿನಿ. ಕೈಯಲ್ಲಿ ಒಂದು ಹೊತ್ತಿನ ಊಟಕ್ಕೆ ಹೆಚ್ಚೆನಿಸುವಷ್ಟು ದೊಡ್ಡ ಎರಡು ಸೂಟ್‌ಕೇಸು.

ಅತ್ತಿಗೆ ನೇರ ಪರದೆಯ ಮುಂದೆ ಹೋಗಿ ನಿಂತರು. "ಅಯ್ಯೋ ಶಾಂತೂ, ಯಾವಾಗ ಬಂದಿತ್ತೇ ಕಾಮಾಲೆ? ನಮಗೆ ಹೇಳಲೇ ಇಲ್ಲ!"

"ಕಾಮಾಲೆ ಹಳದಿ ಕಣೇ," ಎಂದರು ಷಡ್ಡಕರು. "ಇದು ಹಸಿರು. ಏನಯ್ಯಾ ಗುಂಡಪ್ಪ, ಬಣ್ಣದಲ್ಲೂ ಚೌಕಾಸಿ ಮಾಡಿದೆಯಾ?"

ಶಾಂತಾ ನನ್ನತ್ತ ನೋಡಿದಳು. ಆ ನೋಟದಲ್ಲಿ ಕನಿಷ್ಠ ಒಂದು ತಿಂಗಳ ಹೋಟೆಲ್ ಊಟವಿತ್ತು. ನಾನು ಧಡಧಡನೆ ಮತ್ತೆ ಎಲ್ಲ ಒತ್ತಿದೆ. ಬಣ್ಣ ಬಂತು, ಚೌಕ ಬಂತು, ಪ್ರಶ್ನೆ ಬಂತು. ನನ್ನ ಕತ್ತು ತಾನಾಗಿ ಫ್ಯಾನಿನ ಕಡೆ ಹೊರಳಿತು. ಶಾಂತಾ ನನ್ನ ಹೆಗಲ ಮೇಲಿಂದ, ಹಿಟ್ಟು ಮೆತ್ತಿದ ಕೈ ಚಾಚಿ, ಟಪ್ಪೆಂದು 'ಯೆಸ್' ಒತ್ತಿದಳು.

ಹದಿನೈದು ಸೆಕೆಂಡು ಕಳೆಯಿತು. ಇಪ್ಪತ್ತು ಕಳೆಯಿತು. ಕೋಟಿ ಬಣ್ಣ ಎಲ್ಲೂ ಹೋಗಲಿಲ್ಲ.

"ಹೂಂ ಅನ್ನೋಕೆ ಬೆಳಗಿಂದ ಇಷ್ಟು ಹೊತ್ತು ಬೇಕಾಯ್ತೇನ್ರೀ?" ಎಂದಳು ಶಾಂತಾ.

ನಡೆದದ್ದನ್ನೆಲ್ಲ ಅವಳೇ ಮೆಟ್ಟಿಲ ಸಮೇತ ವರ್ಣಿಸಿದಳು, ಪೂರ್ತಿ ಬಣ್ಣದಲ್ಲಿ. ಷಡ್ಡಕರು ನಗುತ್ತ ನಗುತ್ತ ನಾಲ್ಕು ಘಾರಿ ಮುಗಿಸಿದರು. (ಘಾರಿ ನಮ್ಮ ಸೂರತ್ತಿನ ಸಿಹಿ. ತುಪ್ಪದಲ್ಲಿ ಅದ್ದಿದ ಖೋವಾದ ಉಂಡೆ. ಒಂದು ಬಾಯಿಗೆ ಹೋದರೆ ಮಾತಿಗೆ ಜಾಗವಿರುವುದಿಲ್ಲ.) ಐದನೆಯದಕ್ಕೆ ಕೈ ಹಾಕುತ್ತ ಸೂಟ್‌ಕೇಸಿನ ರಹಸ್ಯ ಬಿಚ್ಚಿದರು. ಅವರ ಬ್ಯಾಂಕು ಹದಿನೈದು ದಿನಕ್ಕೆ ಅವರನ್ನು ಸೂರತ್ ಶಾಖೆಗೆ ಹಾಕಿದೆಯಂತೆ. ಹೋಟೆಲಿನಲ್ಲಿ ಕೋಣೆಯನ್ನೂ ಗೊತ್ತು ಮಾಡಿದೆಯಂತೆ.

"ನಾವಿರುವಾಗ ಹೋಟೆಲ್ ಯಾಕೆ?" ಎಂದಳು ಶಾಂತಾ. ನನ್ನ ಕಡೆ ತಿರುಗಿ, "ಅಕ್ಕ ಭಾವ ಹದಿನೈದು ದಿನ ಇಲ್ಲೇ ಇರಲಿ. ಏನಂತೀರಿ?"

ಇಂಥ ಸಂದರ್ಭದಲ್ಲಿ ವ್ಯಾಪಾರಿಯಾದವನು ಏನು ಮಾಡುತ್ತಾನೆ? ನಾನು ಫ್ಯಾನು ನೋಡಿದೆ.

ಶಾಂತಾ ಗೋಡೆಯ ಗಡಿಯಾರ ನೋಡಿದಳು. ಸೆಕೆಂಡಿನ ಮುಳ್ಳು ಕಾಲು ಸುತ್ತು ತಿರುಗುವವರೆಗೆ ಕಾದಳು.

"ಹದಿನೈದು ಸೆಕೆಂಡಾಯ್ತು. ಅಕ್ಕಾ, ಸೂಟ್‌ಕೇಸ್ ಒಳಗಿಡು."

"ನಾನು ಹೂಂ ಅನ್ನಲೇ ಇಲ್ಲವಲ್ಲ!"

"ಸುಮ್ಮನಿದ್ರೆ ಬೇಡ ಅಂತ ಅರ್ಥ ಆಗೋದು ಕಂಪ್ಯೂಟರ್ ಲೆಕ್ಕದಲ್ಲಿ. ನಮ್ಮ ಮನೇಲಿ ಮೌನಂ ಸಮ್ಮತಿ ಲಕ್ಷಣಂ. ನಮ್ಮಪ್ಪ 'ಹುಡುಗಿ ಒಪ್ಪಿಗೆಯಾ' ಅಂತ ಕೇಳಿದಾಗಲೂ ನೀವು ಹೀಗೇ ಫ್ಯಾನ್ ನೋಡ್ತಾ ಕೂತಿದ್ರಿ. ಅಪ್ಪ ಅವತ್ತೇ ಮುಹೂರ್ತ ಇಡಿಸಿದ್ರು."

(ಅಂದು ನಾನು ಇನ್ನೊಂದು ತಟ್ಟೆ ಉಪ್ಪಿಟ್ಟು ಬರಲಿ ಎಂದು ಕಾಯುತ್ತಿದ್ದೆ.)

ಇವತ್ತು ಹದಿನಾಲ್ಕನೇ ದಿನ. ಷಡ್ಡಕರು ಪರದೆಯಲ್ಲಿ ತಮ್ಮ ಇಬ್ಬನಿಯ ಗುಲಾಬಿ ಹಾಕಲು ಹೋಗಿ ಶಾಂತಾಳಿಂದ ಬೈಸಿಕೊಂಡದ್ದೊಂದೇ ಈ ಅವಧಿಯಲ್ಲಿ ನನಗೆ ದಕ್ಕಿದ ಲಾಭ. ಬೆಳಿಗ್ಗೆ ತಿಂಡಿಗೆ ಕೂತಾಗ ಅವರು ನನ್ನ ಲುಂಗಿ ಬಿಗಿ ಮಾಡಿಕೊಳ್ಳುತ್ತ ಕೇಳಿದರು: "ಬ್ಯಾಂಕಿನವರು ಇನ್ನೂ ಹದಿನೈದು ದಿನ ಮುಂದುವರಿಸಿದ್ದಾರೆ ಗುಂಡಪ್ಪ. ಇಲ್ಲೇ ಇರೋಣವೋ, ಹೋಟೆಲಿಗೆ ಹೋಗೋಣವೋ?"

ಈ ಸಲ ನಾನು ಮೋಸ ಹೋಗಲಿಲ್ಲ. ಫ್ಯಾನು ನೋಡಲಿಲ್ಲ, ಲಕ್ಷ್ಮಿಯನ್ನು ನೋಡಲಿಲ್ಲ. ಇಪ್ಪತ್ತೆರಡು ವರ್ಷಗಳ ಧರ್ಮವನ್ನು ಗಾಳಿಗೆ ತೂರಿ, 'ಹೋಟೆಲಿಗೆ' ಎನ್ನಲು ತಕ್ಷಣ ಬಾಯಿ ತೆರೆದೆ.

ತೆರೆದ ಬಾಯಿಗೆ ಶಾಂತಾ ಇಡೀ ಒಂದು ಘಾರಿ ತುರುಕಿದಳು. ಆಮೇಲೆ ಗಡಿಯಾರದ ಕಡೆ ನೋಡಿದಳು.